ಬೆಳಕಿನ ಬಲೆ ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು: ಒಂದು ಲೈಟ್ ಟ್ರ್ಯಾಪಿನ ವಿಮರ್ಶೆ

ರಕ್ತ ಹೀರುವ ಕೀಟಗಳನ್ನು ಹಿಡಿದು ಗುರುತಿಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲೆಂದು, ಸಾಗರ ತಾಲ್ಲೂಕಿನ ನಮ್ಮ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವು ಬ್ಯಾಟರಿಯಿಂದ ನಡೆಯುವ ಲೈಟ್ ಟ್ರ್ಯಾಪ್ ಒಂದನ್ನು ಕೊಂಡಿತು. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಅದನ್ನು ಕೊಟ್ಟಿಗೆ, ಗದ್ದೆಯಂಚು, ಅಡಿಕೆ ತೋಟ ಮತ್ತು ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟಗಳಲ್ಲಿ ನೇತುಹಾಕಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ರೋಗ ಹರಡುವ ಕೀಟಗಳ ಸಮೀಕ್ಷೆಗೆ ಇದೊಂದೇ ಸಾಕು ಎಂಬ ಅರ್ಥದ ಭರವಸೆಯೊಂದನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದಾರೆ. ಯಂತ್ರ ತನ್ನ ಮಟ್ಟಿಗೆ ಒಳ್ಳೆಯದೇ ಇದೆ, ಆದರೆ ಆ ಭರವಸೆಯನ್ನು ಈಡೇರಿಸುವ ಬಲೆ ಇನ್ನೂ ಹುಟ್ಟಿಲ್ಲ. ಕಚ್ಚುವ ಕೀಟಗಳ ಮೈಯಲ್ಲಿ ಎಷ್ಟು ಬಗೆಯ ವೈರಸ್‌ಗಳಿವೆ ಎಂಬುದರ ಬಗ್ಗೆ ವಿಜ್ಞಾನಕ್ಕೆ ಇಂದು ಇರುವ ತಿಳಿವಳಿಕೆಯು ಯಾರು ಯಾವ ಕೀಟವನ್ನು ಯಾವ ಸಾಧನದಿಂದ ಯಾವ ಹೊತ್ತಿನಲ್ಲಿ ಹಿಡಿದರು ಎಂಬುದರ ಮೇಲೆಯೇ ಬಹುಮಟ್ಟಿಗೆ ನಿಂತಿದೆ. ಆದ್ದರಿಂದ ಈ ಬಲೆಯ ಗುಣದೋಷಗಳನ್ನೂ ಅದೇ ದೃಷ್ಟಿಯಿಂದ ನೋಡುವುದು ನ್ಯಾಯವೆಂದು ನನಗೆ ತೋರುತ್ತದೆ.

ಮೊದಲು ಯಂತ್ರದ ರಚನೆ. ಇದರ ಮೂಲ ವಿನ್ಯಾಸ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯದು. ಅಲ್ಲಿನ ಸುಡಿಯಾ ಮತ್ತು ಚೇಂಬರ್ಲೇನ್ 1962ರಲ್ಲಿ ಅದನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಹೆಚ್ಚಾಗಿ ಬಳಕೆಯಲ್ಲಿದ್ದ ನ್ಯೂಜೆರ್ಸಿ ಬಲೆ ಭಾರವಾಗಿತ್ತು, ವಿದ್ಯುತ್ ಸಂಪರ್ಕ ಇರುವಲ್ಲಿ ಮಾತ್ರ ನಡೆಯುತ್ತಿತ್ತು. ಹೊಸ ವಿನ್ಯಾಸ ಬಂದ ಮೇಲೆ ಒಬ್ಬನೇ ಮನುಷ್ಯ ಹಲವು ಬಲೆಗಳನ್ನು ಹೊತ್ತು ಕಾಡಿನೊಳಗೆ ಹೋಗುವುದು ಸಾಧ್ಯವಾಯಿತು. ನಮ್ಮ ಕೈಗೆ ಬಂದದ್ದು ಅದರ ದೇಶೀಯ ನಕಲು: ಅಂಗೈಯಗಲದ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಕೆಳಮುಖವಾಗಿ ಗಾಳಿ ಎಳೆಯುವ ಸಣ್ಣ ಫ್ಯಾನು, ಮೇಲೆ ಒಂದು ಬಲ್ಬು ಮತ್ತು ಅತಿನೇರಳೆ ಬೆಳಕಿನ ಎಲ್‌ಇಡಿಗಳು, ಮಳೆಗೆ ಅಡ್ಡವಾಗಿ ತಟ್ಟೆಯಾಕಾರದ ಮುಚ್ಚಳ, ಕೆಳಗೆ ಬಟ್ಟೆಯ ಚೀಲ ಮತ್ತು ಅದರ ತುದಿಗೆ ಡಬ್ಬಿ. ಬೆಳಕಿಗೆ ಬಂದ ಕೀಟ ಫ್ಯಾನಿನ ಸೆಳೆತಕ್ಕೆ ಸಿಕ್ಕಿ ಚೀಲಕ್ಕೆ ಬೀಳುತ್ತದೆ, ಫ್ಯಾನು ತಿರುಗುತ್ತಿರುವವರೆಗೂ ಮೇಲೆ ಬರಲಾರದು. 6 ವೋಲ್ಟಿನ ಬ್ಯಾಟರಿ ಹೊಸದಾಗಿದ್ದಾಗ ಸಂಜೆಯಿಂದ ಬೆಳಗಿನವರೆಗೆ ಸಲೀಸಾಗಿ ಬರುತ್ತದೆ. ಬ್ಯಾಟರಿಯನ್ನು ಬಿಟ್ಟರೆ ಇಡೀ ಸಲಕರಣೆ ಹಗುರವಾಗಿದ್ದು, ವಿದ್ಯಾರ್ಥಿಗಳು ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲೇ ಒಯ್ಯುತ್ತಾರೆ.

ಕೊಟ್ಟಿಗೆಯಲ್ಲಿ ಈ ಬಲೆಯ ಕೆಲಸ ಮೆಚ್ಚುವಂಥದು. ದನಗಳ ಉಸಿರು ಮತ್ತು ಮೈವಾಸನೆ ಕೀಟಗಳನ್ನು ಮೊದಲೇ ಕರೆತಂದಿರುತ್ತವೆ, ಬೆಳಕು ಅವನ್ನು ಕೊನೆಯ ಕೆಲವು ಮೊಳ ಎಳೆದುಕೊಂಡರೆ ಸಾಕು. ಗದ್ದೆಗಳಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆಗಳು ಹೇರಳವಾಗಿ ಬಂದವು. ಕೆರೆ ಹತ್ತಿರವಿದ್ದ ಮನೆಗಳಲ್ಲಿ, ನೀರುಗಿಡಗಳ ಬೇರಿಗೆ ಅಂಟಿಕೊಂಡು ಬೆಳೆಯುವ ಮ್ಯಾನ್ಸೋನಿಯಾ ಸೊಳ್ಳೆಗಳೂ ಸಿಕ್ಕವು. ಬೆಳದಿಂಗಳ ರಾತ್ರಿಗಳಲ್ಲಿ ಬಯಲಿನಲ್ಲಿಟ್ಟ ಬಲೆಗೆ ಬೀಳುವ ಕೀಟಗಳು ಕಡಿಮೆಯಾಗುವುದು ಪುಸ್ತಕಗಳಲ್ಲಿ ಇರುವ ಮಾತು, ಇಲ್ಲಿಯೂ ಹಾಗೆಯೇ ಆಯಿತು. ಮಳೆಗಾಲದ ಆರಂಭದಲ್ಲಿ ಮಾತ್ರ ಪತಂಗಗಳೂ ಜೀರುಂಡೆಗಳೂ ರಾಶಿ ರಾಶಿಯಾಗಿ ನುಗ್ಗಿ, ಅವುಗಳ ರೆಕ್ಕೆಯ ಹುಡಿಯಲ್ಲಿ ಹೊರಳಿದ ಸೊಳ್ಳೆಗಳನ್ನು ಜಾತಿವಾರು ಗುರುತಿಸುವುದೇ ಅಸಾಧ್ಯವಾಗುತ್ತಿತ್ತು. ಕೊಳವೆಯ ಬಾಯಿಗೆ ಅಗಲ ಕಣ್ಣಿನ ಜಾಲರಿಯೊಂದನ್ನು ಕಟ್ಟಿ ದೊಡ್ಡ ಹುಳಗಳನ್ನು ಹೊರಗೇ ತಡೆಯಬೇಕು. ತಯಾರಕರು ಅಂಥ ಜಾಲರಿಯನ್ನು ಪೆಟ್ಟಿಗೆಯಲ್ಲಿ ಇಡದಿರುವುದು ಕೈಬಿಗಿಯ ಅತಿರೇಕ.

ಇದಕ್ಕಿಂತ ದೊಡ್ಡ ಕೊರತೆ ಚೀಲದ ಬಟ್ಟೆಯಲ್ಲಿದೆ. ಸೊಳ್ಳೆ ನುಸುಳದಷ್ಟು ಸಣ್ಣ ಕಣ್ಣಿನ ಬಲೆಯನ್ನೇನೋ ಹೊಲಿದಿದ್ದಾರೆ, ಆದರೆ ಕೊಟ್ಟಿಗೆಯಲ್ಲಿ ಸಂಜೆ ಹೊತ್ತು ಮುತ್ತುವ ಕ್ಯುಲಿಕಾಯ್ಡಿಸ್ ಎಂಬ ನೊರಜುಗಳು ಒಂದರಿಂದ ಮೂರು ಮಿಲಿಮೀಟರಿನಷ್ಟೇ ಉದ್ದವಿರುತ್ತವೆ. ಫ್ಯಾನಿನ ಗಾಳಿ ಅವನ್ನು ಚೀಲಕ್ಕೆ ಎಳೆಯುವುದೂ ನಿಜ, ಚೀಲದ ಕಣ್ಣಿನಿಂದ ಆಚೆಗೆ ಊದಿಬಿಡುವುದೂ ನಿಜ. ಕ್ಯುಲಿಕಾಯ್ಡಿಸ್ ಕುಲದ ಕೀಟಗಳು ಸಾಮಾನ್ಯ ಬಲ್ಬಿಗಿಂತ ಅತಿನೇರಳೆ ಬೆಳಕಿಗೆ ಹೆಚ್ಚಾಗಿ ಬರುತ್ತವೆ. ಹೀಗೆ ಅವುಗಳಿಗೆಂದೇ ಬೆಳಕನ್ನು ಇಟ್ಟು, ಅವು ಉಳಿಯದ ಚೀಲವನ್ನು ಕೊಟ್ಟಿರುವ ತಯಾರಕರ ಲೆಕ್ಕಾಚಾರ ನನಗೆ ಅರ್ಥವಾಗಿಲ್ಲ. ಸಾಗರದ ದರ್ಜಿಯೊಬ್ಬರಿಂದ ತೆಳುವಾದ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಅದೇ ಅಳತೆಯ ಚೀಲ ಹೊಲಿಸಿದ ಮೇಲೆ, ಅದೇ ಕೊಟ್ಟಿಗೆಯಲ್ಲಿ ಅದೇ ಬಲೆಗೆ ಬಿದ್ದ ನೊರಜುಗಳು ಡಬ್ಬಿಯ ತಳವನ್ನು ಕಪ್ಪಾಗಿಸಿದವು. ಬಟ್ಟೆ ಒತ್ತಾದಷ್ಟೂ ಗಾಳಿಯ ಹರಿವು ತಗ್ಗುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ಚೀಲದಲ್ಲಿ ಫ್ಯಾನಿನ ಸೆಳೆತ ಸ್ವಲ್ಪ ಕುಗ್ಗಿತು, ಕೆಲಸಕ್ಕೇನೂ ತೊಂದರೆಯಾಗಲಿಲ್ಲ.

ಚೀಲದ ಕಣ್ಣಿನ ಬಗ್ಗೆ ಇಷ್ಟು ಬರೆಯಲು ಕಾರಣವಿದೆ. ಕುರಿಗಳಿಗೆ ನೀಲಿ ನಾಲಿಗೆ ರೋಗ ತರುವ ವೈರಸ್ ಈ ನೊರಜುಗಳ ಮೂಲಕವೇ ಹರಡುತ್ತದೆ, ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೀರೋಟೈಪುಗಳನ್ನು, ಅಂದರೆ ಉಪಬಗೆಗಳನ್ನು, ಗುರುತಿಸಲಾಗಿದೆ. ನಮ್ಮ ಊರಿನ ಹೈನುಗಾರರಿಗೆ ಚೆನ್ನಾಗಿ ಪರಿಚಯವಿರುವ ದನಗಳ ಮೂರು ದಿನದ ಜ್ವರದ ವೈರಸ್ಸನ್ನು ಹರಡುವುದರಲ್ಲಿ ಸೊಳ್ಳೆಗಳ ಜೊತೆಗೆ ಕ್ಯುಲಿಕಾಯ್ಡಿಸ್‌ಗಳ ಹೆಸರೂ ಇದೆ. ದಕ್ಷಿಣ ಅಮೆರಿಕದಲ್ಲಿ ಮನುಷ್ಯರಿಗೆ ಜ್ವರ ತರುವ ಒರೊಪೂಷ್ ವೈರಸ್ಸಿನ ಮುಖ್ಯ ವಾಹಕವೂ ಇದೇ ಕುಲದ ಕೀಟ. ಚೀಲದ ಕಣ್ಣು ಅರ್ಧ ಮಿಲಿಮೀಟರ್ ದೊಡ್ಡದಾದರೆ ಒಂದಿಡೀ ಕೀಟಗುಂಪೂ ಅದರೊಂದಿಗಿನ ವೈರಸ್ಸುಗಳೂ ಸಮೀಕ್ಷೆಯಿಂದ ಜಾರಿಹೋಗುತ್ತವೆ. ಆ ಮೇಲೆ ಯಾರಾದರೂ ವರದಿಯನ್ನು ಓದಿದರೆ, ಆ ಊರಿನಲ್ಲಿ ಅಂಥದ್ದೇನೂ ಇಲ್ಲವೆಂದೇ ತಿಳಿಯುತ್ತಾರೆ.

ವೈರಸ್‌ಗಳನ್ನು ಕಂಡುಹಿಡಿಯುವ ಇತಿಹಾಸದಲ್ಲೂ ಇಂಥ ಕಣ್ಣುಗಳ ಕಥೆಯೇ ಇದೆ. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ವೈರಸ್ ಸಂಶೋಧನಾ ಕೇಂದ್ರ ಆರಂಭವಾಯಿತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದರಿಂದಲೇ ಬೆಳೆದದ್ದು. ಆ ಕಾಲದ ವಿಧಾನದಲ್ಲಿ ಹಿಡಿದ ಕೀಟಗಳನ್ನು ಜಾತಿವಾರು ಗುಂಪು ಮಾಡಿ, ಅರೆದು, ಆ ದ್ರವವನ್ನು ಹಾಲು ಕುಡಿಯುವ ಇಲಿಮರಿಗಳ ಮೆದುಳಿಗೆ ಚುಚ್ಚುತ್ತಿದ್ದರು. ಮರಿಗಳು ಕಾಯಿಲೆ ಬಿದ್ದರೆ ಅಥವಾ ಸತ್ತರೆ ಅಲ್ಲಿ ವೈರಸ್ ಇದೆಯೆಂದು ಅರ್ಥ. ಹಾಗೆ ಸಿಕ್ಕ ವೈರಸ್‌ಗಳಿಗೆ ಕೀಟ ಸಿಕ್ಕಿದ ಊರಿನ ಅಥವಾ ಜಿಲ್ಲೆಯ ಹೆಸರನ್ನೇ ಇಡುವುದು ರೂಢಿಯಾಗಿತ್ತು. ಚಿತ್ತೂರು ವೈರಸ್, ಗಂಜಾಂ ವೈರಸ್ ಅಂಥವು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಜನರಿಗೂ ಜ್ವರ ಬಂದಾಗ, ಭಾರತಕ್ಕೆ ಹಳದಿ ಜ್ವರ ಬಂದಿತೇನೋ ಎಂಬ ಭಯದಿಂದ ಓಡಿಬಂದ ಪುಣೆಯ ತಂಡಕ್ಕೆ ಸಿಕ್ಕಿದ್ದು ರಷ್ಯಾದ ಕಡೆಯ ಉಣುಗು ವೈರಸ್‌ಗಳ ಬಳಗಕ್ಕೆ ಸೇರಿದ ಬೇರೆಯೇ ಒಂದು ವೈರಸ್. ಮಂಗನ ಕಾಯಿಲೆಯ ಆ ವೈರಸ್ ಲೋಕಪ್ರಸಿದ್ಧವಾಯಿತು. ಅದೇ ವರ್ಷ ಅದೇ ಸೀಮೆಯಲ್ಲಿ, ಅದೇ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗಿನಿಂದ ಇನ್ನೊಂದು ವೈರಸ್ಸೂ ಸಿಕ್ಕಿತು. ಕೈಸೋಡಿ ಎಂಬ ಊರಿನ ಹೆಸರಿನಲ್ಲಿ ಅದು ಜಗತ್ತಿನ ವೈರಸ್ ಪಟ್ಟಿಗಳಲ್ಲಿದೆ. ನಮ್ಮ ಜಿಲ್ಲೆಯವರಲ್ಲೇ ಅದರ ಹೆಸರು ಕೇಳಿದವರು ವಿರಳ, ಅದರಿಂದ ಯಾರಿಗೂ ಕಾಯಿಲೆ ಬಂದದ್ದು ಕಂಡಿಲ್ಲವಾದ್ದರಿಂದ ಅದು ಸಹಜವೂ ಹೌದು. ಹಾಗಿದ್ದರೂ ಒಂದೇ ಉಣುಗಿನ ಜಾತಿಯಲ್ಲಿ ಎರಡು ಬೇರೆ ಕುಟುಂಬಗಳ ವೈರಸ್‌ಗಳಿರುವುದು ಇಲಿಮರಿಗಳ ಕಾಲದಲ್ಲೇ ತಿಳಿದಿತ್ತು.

ಇಲಿಮರಿಗೆ ಕಾಯಿಲೆ ತರದ ವೈರಸ್ ಆ ವಿಧಾನದಲ್ಲಿ ಕಾಣಿಸುತ್ತಲೇ ಇರಲಿಲ್ಲ. ಪುಣೆಯಲ್ಲೇ ಸಿಂಗ್ ಎಂಬ ವಿಜ್ಞಾನಿ 1967ರಲ್ಲಿ ಏಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸುವುದರಲ್ಲಿ ಗೆದ್ದರು; ಜಪಾನಿನ ಇಗರಾಶಿ 1978ರಲ್ಲಿ ಅದರಿಂದ ಆರಿಸಿದ ಸಿ6/36 ಎಂಬ ಉಪತಳಿಯನ್ನು ಇಂದಿಗೂ ಜಗತ್ತಿನ ಪ್ರಯೋಗಾಲಯಗಳು ಸೊಳ್ಳೆಯ ವೈರಸ್ ಬೆಳೆಸಲು ಬಳಸುತ್ತಿವೆ. ಏಡಿಸ್ ಈಜಿಪ್ಟಿ ಸೊಳ್ಳೆಯ ಜೀವಕೋಶಗಳಲ್ಲಿ ತಾನಾಗಿಯೇ ನೆಲೆಸಿದ್ದ, ಕೋಶಗಳನ್ನು ಒಂದಕ್ಕೊಂದು ಬೆಸೆಯುತ್ತಿದ್ದ ವೈರಸ್ ಒಂದು 1975ರಲ್ಲಿ ವರದಿಯಾಯಿತು. ಡೆಂಗಿ ವೈರಸ್ಸಿನ ನೆಂಟನಾಗಿದ್ದರೂ ಅದು ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಬೆಳೆಯುವುದಿಲ್ಲ, ಕೀಟದಲ್ಲಷ್ಟೇ ಬದುಕುತ್ತದೆ. ಇಂಥವು ಆಮೇಲೆ ಬೇಕಾದಷ್ಟು ಸಿಕ್ಕವು. ಕೀಟದೊಳಗಿರುವ ಆರ್‌ಎನ್‌ಎ ಎಂಬ ಆನುವಂಶಿಕ ವಸ್ತುವನ್ನೆಲ್ಲ ಒಟ್ಟಾಗಿ ತೆಗೆದು, ಓದಿ, ಅದರ ನಕಲು ಮಾಡಲು ವೈರಸ್ ಬಳಸುವ ಪಾಲಿಮರೇಸ್ ಕಿಣ್ವವನ್ನು ಹೋಲುವ ಭಾಗಗಳನ್ನು ಕಂಪ್ಯೂಟರಿನಿಂದ ಹುಡುಕುವ ಮೆಟಾಜೀನೋಮಿಕ್ಸ್ ವಿಧಾನ ಬಂದ ಮೇಲಂತೂ ಪ್ರವಾಹವೇ ಹರಿಯಿತು. ಚೀನಾದ ವಿಜ್ಞಾನಿಗಳು ಸಂಧಿಪದಿಗಳ 70 ಜಾತಿಗಳನ್ನು ಹೀಗೆ ಪರೀಕ್ಷಿಸಿ 112 ಹೊಸ ವೈರಸ್‌ಗಳನ್ನು 2015ರಲ್ಲಿ ಪ್ರಕಟಿಸಿದರು. ಮರುವರ್ಷ 220ಕ್ಕೂ ಹೆಚ್ಚು ಅಕಶೇರುಕ ಜಾತಿಗಳಿಂದ 1,445 ಆರ್‌ಎನ್‌ಎ ವೈರಸ್‌ಗಳು ವರದಿಯಾದವು. ಕೀಟದಿಂದ ಪ್ರಾಣಿಗೆ ದಾಟುವವೆಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದಾಖಲಿಸುತ್ತ ಬಂದ ವೈರಸ್‌ಗಳು ಒಟ್ಟು ಐನೂರರ ಆಸುಪಾಸಿನಲ್ಲಿವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಹಳೆಯ ಜರಡಿ ಎಷ್ಟನ್ನು ಸೋಸಿ ಹೊರಗೆ ಬಿಟ್ಟಿತ್ತೆಂಬುದು ತಿಳಿಯುತ್ತದೆ.

ಈ ಹೊಸ ವಿಧಾನಕ್ಕೆ ನಮ್ಮ ಬಲೆಯ ಕೀಟಗಳು ಒದಗುತ್ತವೆಯೇ ಎಂಬುದು ಮುಂದಿನ ಪ್ರಶ್ನೆ, ಇಲ್ಲಿ ಯಂತ್ರಕ್ಕೆ ಹೆಚ್ಚು ಅಂಕ ಕೊಡಲು ಮನಸ್ಸಾಗುವುದಿಲ್ಲ. ಆರ್‌ಎನ್‌ಎ ಬಹಳ ನಾಜೂಕಿನ ವಸ್ತು. ಸತ್ತ ಕೀಟದಲ್ಲಿ, ಬೆಚ್ಚಗಿನ ತೇವದ ಗಾಳಿಯಲ್ಲಿ, ಅದು ಬೇಗ ತುಂಡಾಗುತ್ತದೆ. ಈ ಬಲೆಯಲ್ಲಿ ಸಂಜೆ ಏಳಕ್ಕೆ ಬಿದ್ದ ಸೊಳ್ಳೆ ರಾತ್ರಿಯಿಡೀ ಫ್ಯಾನಿನ ಗಾಳಿಗೆ ಒಣಗಿ, ಬೆಳಗಿನ ಹೊತ್ತಿಗೆ ಎಂದೋ ಸತ್ತಿರುತ್ತದೆ. ಡಬ್ಬಿಯಲ್ಲಿ ಒದ್ದೆ ಹತ್ತಿ ಇಟ್ಟರೆ ಹೆಚ್ಚು ಕೀಟಗಳು ಜೀವಂತ ಉಳಿಯುತ್ತವೆ, ನಸುಕಿನಲ್ಲೇ ಹೋಗಿ ಡಬ್ಬಿ ಬಿಚ್ಚಿದರೆ ಇನ್ನೂ ಒಳ್ಳೆಯದು. ಅಲ್ಲಿಂದ ಮುಂದೆ ತಂಪಿನ ಸರಪಳಿ ಬೇಕು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಹಳ್ಳಿಗಳಲ್ಲಿ ಫ್ರಿಜ್ಜನ್ನು ನೆಚ್ಚಿಕೊಳ್ಳಲಾಗದು. ಒಣ ಮಂಜುಗಡ್ಡೆಯನ್ನು ದೊಡ್ಡ ಊರಿನಿಂದ ತರಿಸಬೇಕು, ತರುವಷ್ಟರಲ್ಲಿ ಅರ್ಧ ಆವಿಯಾಗಿರುತ್ತದೆ. ಪಶುವೈದ್ಯರ ಬಳಿ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳನ್ನು ಇಡುವ ದ್ರವ ಸಾರಜನಕದ ಕ್ಯಾನುಗಳಿರುತ್ತವೆ, ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಅಂಥದೇ ಒಂದು ಪ್ರತ್ಯೇಕ ಕ್ಯಾನು ಸಂಶೋಧನಾ ತಂಡಗಳ ಬಳಿ ಇದ್ದರೆ ಮಲೆನಾಡಿನ ಮಟ್ಟಿಗೆ ಅದಕ್ಕಿಂತ ನಂಬಿಕಸ್ಥ ಉಪಾಯ ಇಲ್ಲ. ಅದಿಲ್ಲದವರು ಆರ್‌ಎನ್‌ಎ ಕೆಡದಂತೆ ಕಾಯುವ ದ್ರವದಲ್ಲಿ ಕೀಟಗಳನ್ನು ಮುಳುಗಿಸಿ ಸಾಗಿಸುತ್ತಾರೆ. ಆಸ್ಟ್ರೇಲಿಯಾದವರು 2010ರಲ್ಲಿ ಪ್ರಕಟಿಸಿದ ಉಪಾಯ ಇವೆಲ್ಲಕ್ಕಿಂತ ಸೊಗಸಾದದ್ದು: ಜೇನುತುಪ್ಪ ಸವರಿದ ವಿಶೇಷ ಕಾಗದವನ್ನು ಬಲೆಯೊಳಗಿಟ್ಟರೆ ಸೊಳ್ಳೆಗಳು ಅದನ್ನು ಚೀಪುತ್ತ ಜೊಲ್ಲಿನೊಂದಿಗೆ ವೈರಸ್ಸನ್ನೂ ಬಿಡುತ್ತವೆ, ಕಾಗದದಲ್ಲಿನ ರಾಸಾಯನಿಕ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಆರ್‌ಎನ್‌ಎಯನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ, ತಂಪೂ ಬೇಡ, ಅಪಾಯವೂ ಕಡಿಮೆ. ಕೀಟಗಳು ದಿನಗಟ್ಟಲೆ ಬದುಕಿ ಉಳಿಯುವ ಪೆಟ್ಟಿಗೆಯಾಕಾರದ ಬಲೆಗೆ ಅದು ಒಪ್ಪುತ್ತದೆ. ರಭಸದ ಫ್ಯಾನಿನ ಕೆಳಗೆ ಒದ್ದಾಡುವ ಸೊಳ್ಳೆಗೆ ಜೇನು ಚೀಪುವ ಪುರುಸೊತ್ತೆಲ್ಲಿ?

ಕೀಟಗಳನ್ನು ಹೆಚ್ಚು ಸೆಳೆಯಲು ಇಂಗಾಲದ ಡೈಆಕ್ಸೈಡ್ ಬಳಸಿ ಎಂದು ಕೈಪಿಡಿಯಲ್ಲಿ ಒಂದು ಸಾಲಿದೆ, ಅದನ್ನು ಎಲ್ಲಿಂದ ತರಬೇಕೆಂದು ಇಲ್ಲ. ಬೇಕರಿಗೆ ಸಾಮಾನು ಕೊಡುವ ಅಂಗಡಿಯ ಯೀಸ್ಟನ್ನು ಬೆಚ್ಚಗಿನ ನೀರಿನಲ್ಲಿ ಜೋನಿಬೆಲ್ಲದೊಂದಿಗೆ ಕಲಸಿ, ಬಾಟಲಿಯ ಮುಚ್ಚಳದಿಂದ ಒಂದು ಸಣ್ಣ ಕೊಳವೆಯನ್ನು ಬಲೆಯ ಬಾಯಿಯ ಹತ್ತಿರಕ್ಕೆ ತಂದು ಕಟ್ಟಿದರೆ ರಾತ್ರಿಯಿಡೀ ಅನಿಲ ಸಣ್ಣಗೆ ಬರುತ್ತಿರುತ್ತದೆ. ಕೊಟ್ಟಿಗೆಯಲ್ಲಿ ಇದರಿಂದ ವ್ಯತ್ಯಾಸವೇನೂ ಕಾಣಲಿಲ್ಲ, ಸೊಪ್ಪಿನಬೆಟ್ಟದಲ್ಲಿ ಚೆನ್ನಾಗಿ ಕಂಡಿತು. ಇರುವೆಗಳ ಕಾಟ ಮಾತ್ರ ಹೇಳತೀರದು.

ಇನ್ನು ಈ ಬಲೆಗೆ ಬೀಳದವುಗಳ ವಿಷಯ. ಅಡಿಕೆ ತೋಟದಲ್ಲಿ ಬಿದ್ದ ಹಾಳೆಗಳಲ್ಲಿ ನಿಂತ ಮಳೆನೀರು ಏಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ತವರು. ಕಾಲಿಗೆ ಬಿಳಿ ಪಟ್ಟೆಗಳಿರುವ, ಕೊನೆಕೊಯ್ಲಿಗೆ ಹೋದವರನ್ನು ಹಾಡುಹಗಲೇ ಕಚ್ಚುವ ಸೊಳ್ಳೆ ಅದು. ನೆರೆಯ ಕೇರಳದಲ್ಲಿ 2007ರ ಚಿಕುನ್‌ಗುನ್ಯಾ ಹಾವಳಿಯಲ್ಲಿ ಇದರ ಪಾತ್ರ ದೊಡ್ಡದಿತ್ತು. ವೈರಸ್ಸಿನ ಹೊರಕವಚದ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದರಿಂದ ಅದು ಈ ಸೊಳ್ಳೆಯಲ್ಲಿ ಮೊದಲಿಗಿಂತ ಚೆನ್ನಾಗಿ ಬೆಳೆಯುವಂತಾಗಿತ್ತು. ರಾತ್ರಿ ಉರಿಯುವ ದೀಪಕ್ಕೂ ಹಗಲು ಕಚ್ಚುವ ಸೊಳ್ಳೆಗೂ ಸಂಬಂಧವಿಲ್ಲವಾದ್ದರಿಂದ, ಕಾಲಿಟ್ಟಲ್ಲೆಲ್ಲ ಅದು ಮುತ್ತುತ್ತಿದ್ದ ತೋಟದಲ್ಲೂ ನಮ್ಮ ಡಬ್ಬಿಯಲ್ಲಿ ಅದು ಅಪರೂಪವಾಗಿತ್ತು. ಅದಕ್ಕೆ ಮನುಷ್ಯನ ಮೈವಾಸನೆಯನ್ನು ಅನುಕರಿಸುವ ಬಿಜಿ ಸೆಂಟಿನೆಲ್ ಮಾದರಿಯ ಬಲೆ ಬೇಕು. ಅದು ಜರ್ಮನಿಯದು, ಬೆಲೆ ನಮ್ಮ ವಿಭಾಗದ ಅನುದಾನವನ್ನು ಮೀರಿದ್ದು. ದನಗಳ ಚರ್ಮಗಂಟು ರೋಗದ ವೈರಸ್ಸನ್ನು ಮೈಗೆ ಅಂಟಿಸಿಕೊಂಡು ಹಸುವಿನಿಂದ ಹಸುವಿಗೆ ಒಯ್ಯುವ ಕಚ್ಚುನೊಣಗಳೂ ಹಗಲಿನವೇ. ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿರುವ ಮರಳುನೊಣಗಳು ಬೆಳಕಿಗೆ ಬರುತ್ತವೆ, ಆದರೆ ಅವೂ ನೊರಜುಗಳಂತೆ ಮೂಲ ಚೀಲದ ಕಣ್ಣಿನಿಂದ ಜಾರುವಷ್ಟು ಸಣ್ಣವು. ಮಹಾರಾಷ್ಟ್ರದಲ್ಲಿ 1965ರಲ್ಲಿ ಮೊದಲು ಸಿಕ್ಕ, ಗುಜರಾತಿನ ಮಕ್ಕಳನ್ನು 2024ರಲ್ಲಿ ಬಲಿ ತೆಗೆದುಕೊಂಡ ಚಾಂದಿಪುರ ವೈರಸ್ಸಿನ ವಾಹಕಗಳೆಂದು ಹೇಳುವುದು ಈ ಮರಳುನೊಣಗಳನ್ನೇ.

ಎಲ್ಲಕ್ಕಿಂತ ಮುಖ್ಯವಾಗಿ, ಶಿವಮೊಗ್ಗ ಜಿಲ್ಲೆಯವರು ಕಚ್ಚುವ ಜೀವಿಗಳ ಸಮೀಕ್ಷೆ ಎಂದಾಗ ಮೊದಲು ನೆನೆಯುವ ಉಣುಗು ಈ ಬಲೆಗೆ ಎಂದಿಗೂ ಬೀಳುವುದಿಲ್ಲ. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ, ದೀಪಕ್ಕೆ ಬರುವುದಿಲ್ಲ. ಶಾಸ್ತ್ರದ ಪ್ರಕಾರ ಅದು ಕೀಟವೂ ಅಲ್ಲ, ಜೇಡಗಳ ಕಡೆಯ ಎಂಟು ಕಾಲಿನ ಜೀವಿ. ತರಗೆಲೆಗಳ ಮೇಲೆ, ಕಾಲುದಾರಿಯ ಪಕ್ಕದ ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕುಳಿತಿರುತ್ತದೆ. ಅದನ್ನು ಹಿಡಿಯುವ ಸಾಧನವೆಂದರೆ ಕೋಲಿಗೆ ಕಟ್ಟಿದ ಬಿಳಿ ಫ್ಲಾನೆಲ್ ಬಟ್ಟೆ. ನೆಲದ ಮೇಲೆ ನಿಧಾನವಾಗಿ ಎಳೆದು, ಕೆಲವು ಹೆಜ್ಜೆಗಳಿಗೊಮ್ಮೆ ಮಗುಚಿ, ಅಂಟಿಕೊಂಡವನ್ನು ಚಿಮಟದಿಂದ ತೆಗೆಯಬೇಕು. ಕ್ಯಾಸನೂರಿನ ಕಾಲದಿಂದ ಇಂದಿನವರೆಗೆ ಈ ವಿಧಾನ ಬದಲಾಗಿಲ್ಲ, ಬದಲಾಗಬೇಕಾದ ಅಗತ್ಯವೂ ಬಂದಿಲ್ಲ. ನಮ್ಮ ಯಂತ್ರದ ಬೆಲೆಯಲ್ಲಿ ಇಡೀ ತಾಲ್ಲೂಕಿಗೆ ಸಾಲುವಷ್ಟು ಫ್ಲಾನೆಲ್ ಬರುತ್ತದೆ ಎಂಬುದನ್ನು, ಸಮೀಕ್ಷೆಯ ಸಲಕರಣೆ ಕೊಳ್ಳಲು ಹೊರಟ ಪಂಚಾಯಿತಿಗಳು ಮತ್ತು ಶಾಲೆಗಳು ಗಮನಿಸಬೇಕು.

ಆದರೆ ಉಣುಗು ಹಿಡಿಯುವುದು ವಿದ್ಯಾರ್ಥಿಗಳ ಆಟವಲ್ಲ. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಹೆಚ್ಚಾಗಿ ಉಣುಗಿನ ಮರಿಗಳು. ನವೆಂಬರಿನಿಂದ ಮೇವರೆಗೆ ಅವುಗಳ ಕಾಲ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಸಾಗರ ತಾಲ್ಲೂಕಿನ ಅರಲಗೋಡು ಸುತ್ತಿನಲ್ಲಿ 2019ರ ಆರಂಭದಲ್ಲಿ ಮಂಗನ ಕಾಯಿಲೆ ಹಬ್ಬಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ವೈರಸ್ಸಿನೊಂದಿಗೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿದ ಇತಿಹಾಸವಿದ್ದು, ಜೀವಂತ ವೈರಸ್ಸಿನ ಕೆಲಸವನ್ನು ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯಗಳಲ್ಲೇ ಮಾಡಬೇಕು. ಆದ್ದರಿಂದ ನಮ್ಮ ವಿಭಾಗದಲ್ಲಿ ಉಣುಗನ್ನು ಅರೆಯುವುದಿಲ್ಲ, ಕತ್ತರಿಸುವುದಿಲ್ಲ. ಆರೋಗ್ಯ ಇಲಾಖೆಯವರು ಸಂಗ್ರಹಕ್ಕೆ ಹೊರಟಾಗ ಅಧ್ಯಾಪಕರು ಮಾತ್ರ ಜೊತೆಗೆ ಹೋಗುತ್ತೇವೆ, ಗಮ್ ಬೂಟು ಹಾಕಿ, ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಸವರಿಕೊಂಡು. ಆ ತೈಲ ಫ್ಲಾನೆಲ್ ಬಟ್ಟೆಗೆ ತಾಗಿದರೆ ಉಣುಗು ಅದಕ್ಕೆ ಹತ್ತುವುದಿಲ್ಲ, ಕೋಲು ಹಿಡಿಯುವವರು ಇದನ್ನು ನೆನಪಿಡಬೇಕು. ಸೊಳ್ಳೆಯಾಗಲಿ ಉಣುಗಾಗಲಿ, ನಮ್ಮಂಥ ಕಾಲೇಜಿನ ಕೆಲಸ ಜಾತಿ ಗುರುತಿಸಿ, ಊರು ಮತ್ತು ದಿನಾಂಕ ಬರೆದು, ಒಂದೇ ಜಾತಿಯ ಒಂದೇ ಜಾಗದ ಕೀಟಗಳನ್ನು ಒಂದು ಗುಂಪಾಗಿ ಸೀಸೆಗೆ ಹಾಕಿ, ಅನುಮತಿ ಇರುವ ಪ್ರಯೋಗಾಲಯಕ್ಕೆ ಒಪ್ಪಿಸುವುದಕ್ಕೆ ಮುಗಿಯುತ್ತದೆ. ಸೊಳ್ಳೆಗಳಾದರೆ ಗುಂಪಿಗೆ ಸಾಮಾನ್ಯವಾಗಿ 25ರಿಂದ 50. ರಕ್ತ ಕುಡಿದು ಹೊಟ್ಟೆ ಕೆಂಪಾದವನ್ನು ಬೇರೆ ಇಡಬೇಕು, ಏಕೆಂದರೆ ಅವುಗಳಲ್ಲಿ ಸಿಕ್ಕ ವೈರಸ್ ಸೊಳ್ಳೆಯದೋ ಅದು ಕಚ್ಚಿದ ಎಮ್ಮೆಯದೋ ಎಂದು ಆಮೇಲೆ ಹೇಳಲಾಗುವುದಿಲ್ಲ.

ಪ್ರಯೋಗಾಲಯದ ಉತ್ತರವನ್ನೂ ಎಚ್ಚರದಿಂದ ಓದಬೇಕು ಎಂಬುದನ್ನು ಮಾರಾಟಗಾರರು ಹಂಚುವ ಹೊಳಪಿನ ಪುಸ್ತಿಕೆ ಹೇಳುವುದಿಲ್ಲ, ಅದರಲ್ಲಿ ಬಲೆಯಿಂದ ನೇರವಾಗಿ ಹೊಸ ವೈರಸ್ಸಿಗೆ ಬಾಣದ ಗುರುತು ಎಳೆದಿದ್ದಾರೆ. ಕೀಟದ ಆರ್‌ಎನ್‌ಎಯಲ್ಲಿ ವೈರಸ್ಸಿನಂಥ ಅನುಕ್ರಮ ಕಂಡರೆ ಅದು ಕೀಟದೊಳಗಿನ ಶಿಲೀಂಧ್ರದ ವೈರಸ್ ಆಗಿರಬಹುದು, ಕೀಟ ಕುಡಿದ ರಕ್ತದಲ್ಲಿದ್ದದ್ದಾಗಿರಬಹುದು, ಅಥವಾ ಬಹಳ ಹಿಂದೆ ಕೀಟದ ವಂಶವಾಹಿಯಲ್ಲೇ ಸೇರಿಹೋದ ಸತ್ತ ವೈರಸ್ಸಿನ ತುಣುಕಾಗಿರಬಹುದು; ಏಡಿಸ್ ಸೊಳ್ಳೆಗಳ ಜೀನೋಮಿನಲ್ಲಿ ಅಂಥ ತುಣುಕುಗಳು ಹೇರಳವಾಗಿವೆ. ಪೂರ್ತಿ ಜೀನೋಮ್ ಸಿಕ್ಕರೂ ವೈರಸ್ ಜೀವಂತವಾಗಿ ಬೆಳೆಯಬೇಕು, ಬೆಳೆದರೂ ಅದು ಬೆನ್ನೆಲುಬಿರುವ ಪ್ರಾಣಿಗೆ ದಾಟಬಲ್ಲದೆಂದು ತೋರಬೇಕು, ಆಮೇಲಷ್ಟೇ ರೋಗದ ಮಾತು. ಕೆಲವೊಮ್ಮೆ ಆ ದಾರಿ ಕೊನೆ ಮುಟ್ಟುವುದೂ ಉಂಟು: ಚೀನಾದ ಉಣುಗುಗಳಲ್ಲಿ ಜಿಂಗ್‌ಮೆನ್ ವೈರಸ್ ಎಂಬ ವಿಚಿತ್ರ ಬಗೆಯೊಂದು 2014ರಲ್ಲಿ ವರದಿಯಾದಾಗ ಅದು ಕುತೂಹಲದ ವಸ್ತುವಾಗಿತ್ತು, 2019ರಲ್ಲಿ ಅದೇ ಬಳಗದ ಅಲಾಂಗ್‌ಶಾನ್ ವೈರಸ್ ಉಣುಗು ಕಚ್ಚಿ ಜ್ವರ ಬಂದವರ ರಕ್ತದಲ್ಲಿ ಸಿಕ್ಕಿತು. ಇಂಥವು ಕೆಲವೇ. ನಮ್ಮ ಕೊಟ್ಟಿಗೆಯ ಸೊಳ್ಳೆಯಲ್ಲಿ ನಾಳೆ ಹೊಸ ವೈರಸ್ ಸಿಕ್ಕಿತೆಂದು ಪತ್ರಿಕೆಯಲ್ಲಿ ಬಂದರೆ ಊರವರು ಗಾಬರಿಯಾಗಬೇಕಾದ ಕಾರಣವಿಲ್ಲ, ಅದು ಅಲ್ಲಿ ಸೊಳ್ಳೆಗಳಷ್ಟೇ ಹಳೆಯದಾಗಿರುವ ಸಾಧ್ಯತೆಯೇ ಹೆಚ್ಚು.

ಮಾರಾಟದ ನಂತರದ ಸೇವೆಯ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಮಳೆಗಾಲದ ತೇವಕ್ಕೆ ಫ್ಯಾನಿನ ಮೋಟಾರು ತುಕ್ಕು ಹಿಡಿದು ನಿಂತಾಗ, ವಾರಂಟಿಯ ಅವಧಿಯೊಳಗೇ ಇದ್ದರೂ, ನೀರು ತಾಗಿದ್ದು ಬಳಕೆದಾರರ ತಪ್ಪೆಂದು ಮಾರಾಟಗಾರರು ಕೈತೊಳೆದುಕೊಂಡರು. ಹೊರಾಂಗಣದಲ್ಲಿ ನೇತುಹಾಕಲೆಂದೇ ಮಾಡಿದ ಯಂತ್ರಕ್ಕೆ ಮಲೆನಾಡಿನ ಮಳೆ ತಾಗಬಾರದೆಂಬುದು ವಿಚಿತ್ರ ಷರತ್ತು. ಪೇಟೆಯ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯಲ್ಲಿ ಅದೇ ಅಳತೆಯ ಮೋಟಾರು ಸುಲಭ ಬೆಲೆಗೆ ಸಿಕ್ಕಿತು, ಈಗ ಅದೇ ತಿರುಗುತ್ತಿದೆ. ಮುಚ್ಚಳದ ತಟ್ಟೆ ನಮ್ಮ ಕಡೆಯ ಇರಚಲಿಗೆ ಸಾಲದು. ಅದರ ಮೇಲೆ ಇನ್ನೊಂದು ಅಗಲವಾದ ಪ್ಲಾಸ್ಟಿಕ್ ತಟ್ಟೆಯನ್ನು ಕಟ್ಟಿದ್ದೇವೆ. ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯೊಂದಿಗೆ ಬರುವ ಚೀಲಗಳನ್ನು ಬೇಡವೆಂದು ಹೇಳಿ ಆ ಹಣಕ್ಕೆ ಹೆಚ್ಚುವರಿ ಡಬ್ಬಿಗಳನ್ನೂ ಎರಡನೆಯ ಬ್ಯಾಟರಿಯನ್ನೂ ಕೇಳುವುದು ಒಳ್ಳೆಯದು, ಒಂದು ಬ್ಯಾಟರಿ ಚಾರ್ಜಿಗೆ ಇಟ್ಟಿರುವಾಗ ಬಲೆ ಸುಮ್ಮನೆ ಕೂರಬೇಕಾಗಿಲ್ಲ. ಕೊಟ್ಟಿಗೆ ಮತ್ತು ಗದ್ದೆಯಂಚಿನ ರಾತ್ರಿ ಸಮೀಕ್ಷೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಅಡಿಕೆ ತೋಟಕ್ಕೆ ಒಂದು.